‘ಬಾಯ್ಕಾಟ್’ ಕ್ರಿಯಾಪದವನ್ನು ಬಳಸುವವರಿಗೆ ಒಂದು ಸಲಹೆ

ಇಂಗ್ಲಿಷಿನಲ್ಲಿ ಬರೆಯುವವರು ‘ಬಾಯ್ಕಾಟ್’ ಎಂಬ ಕ್ರಿಯಾಪದದ ಹುಟ್ಟನ್ನು ತಿಳಿದುಕೊಂಡರೆ ಅದನ್ನು ಎಲ್ಲಿ ಬಳಸಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಪರವಾಗಿ ಗೇಣಿ ವಸೂಲು ಮಾಡುತ್ತಿದ್ದ ಚಾರ್ಲ್ಸ್ ಬಾಯ್ಕಾಟ್, 1880ರಲ್ಲಿ ಗೇಣಿ ಇಳಿಸಬೇಕೆಂದು ಕೇಳಿದ ರೈತರನ್ನು ಒಕ್ಕಲೆಬ್ಬಿಸಲು ಹೊರಟಾಗ, ಊರಿನವರು ಅವನ ಮೇಲೆ ಕೈ ಮಾಡದೆ ಅವನೊಂದಿಗಿನ ವ್ಯವಹಾರವನ್ನೇ ನಿಲ್ಲಿಸಿಬಿಟ್ಟರು. ಆಳುಗಳು ಹೊಲ ಬಿಟ್ಟು ನಡೆದರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಅವನ ಬೆಳೆಯನ್ನು ಕಟಾವು ಮಾಡಲು ಬೇರೆ ಕಡೆಯಿಂದ ಸುಮಾರು 50 ಮಂದಿ ಕೆಲಸಗಾರರು ಸೈನಿಕರ ಕಾವಲಿನಲ್ಲಿ ಬರಬೇಕಾಯಿತು. ಆ ವರ್ಷ ಮುಗಿಯುವಷ್ಟರಲ್ಲೇ ಅವನ ಹೆಸರು ಪತ್ರಿಕೆಗಳಲ್ಲಿ ಕ್ರಿಯಾಪದವಾಗಿತ್ತು.

ಆದ್ದರಿಂದ ಪ್ರತಿಭಟನೆಯ ಉದ್ದೇಶವಿಲ್ಲದ ಕಡೆ ಈ ಪದ ಸಲ್ಲದು. ಮಳೆಯಿಂದಾಗಿ ಸಭೆಗೆ ಹೋಗದವರು ಸಭೆಯನ್ನು ಬಾಯ್ಕಾಟ್ ಮಾಡಿದಂತಾಗುವುದಿಲ್ಲ. ಈ ವ್ಯತ್ಯಾಸವನ್ನು ಕಾಪಾಡಿಕೊಳ್ಳುವುದು ಅಗತ್ಯವೆಂದು ನನ್ನ ದೃಢವಾದ ಅಭಿಪ್ರಾಯ. ವಾಕ್ಯದಲ್ಲಿ ಇದಕ್ಕೆ ನೇರ ಕರ್ಮಪದ ಬೇಕು. ‘ದೇ ಬಾಯ್ಕಾಟೆಡ್ ದ ಮೀಟಿಂಗ್’ ಎಂದರೆ ಸಾಕು, ನಡುವೆ ‘ಫ್ರಮ್’ ಅಥವಾ ‘ಟು’ ಸೇರಿಸಬಾರದು. ನಾಮಪದವಾಗಿ ಬಳಸಿದಾಗ ‘ಬಾಯ್ಕಾಟ್ ಆಫ್ ದ ಮೀಟಿಂಗ್’ ಎನ್ನಬಹುದು. ಕಾಗುಣಿತದ ಕೊನೆಯಲ್ಲಿ ‘ಟಿ’ ಎರಡು ಬರುತ್ತದೆ, ಮತ್ತು ವ್ಯಕ್ತಿಯ ಹೆಸರಿನಿಂದ ಬಂದ ಪದವಾದರೂ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯಬೇಕಿಲ್ಲ.