ವ್ಯಾನಿನಲ್ಲಿ ಮನೆ: ಸಾಮಾನಿಗಿಂತ ಮೊದಲು ಗಾಳಿಗೆ ಜಾಗ ಕೊಡಿ

ನಾವಿಬ್ಬರೂ ವ್ಯಾನಿನಲ್ಲೇ ವಾಸ ಶುರುಮಾಡಿ ಮೂರು ಮಳೆಗಾಲ ಕಳೆಯಿತು. ತಲಪಾಡಿಯಿಂದ ಕಾಲಿಕಡವಿನವರೆಗೆ, ಆಚೆ ರಾಣಿಪುರಂ ಗುಡ್ಡದವರೆಗೆ, ಕಾಸರಗೋಡಿನಲ್ಲಿ ನಮ್ಮ ಗಾಡಿ ನಿಲ್ಲದ ಊರು ಕಡಿಮೆ. ನಮ್ಮನ್ನು ನೋಡಿ ವ್ಯಾನ್ ಮಾಡಿಸಿಕೊಂಡವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮಾಡಿದ ತಪ್ಪು ಒಂದೇ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಒಳಗೆಲ್ಲ ಹಲಗೆ ಹೊಡೆಸಿ, ಇಂಚು ಜಾಗವನ್ನೂ ಬಿಡದೆ ಕಪಾಟು ಕೂರಿಸುತ್ತಾರೆ. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹಾಸಿಗೆ ಎತ್ತಿ ನೋಡಿದರೆ ಅಡಿಯಲ್ಲಿ ಕಪ್ಪು ಬೂಷ್ಟು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಇಲ್ಲಿ ಸಣ್ಣ ಜಾಗ ಕಷ್ಟವಲ್ಲ, ತೇವ ಕಷ್ಟ.

ಮೊದಲು ಗಾಡಿ. ಒಳಗೆ ನೆಟ್ಟಗೆ ನಿಲ್ಲಲು ಆಗುವಂಥದ್ದನ್ನೇ ತಗೊಳ್ಳಿ. ಬಗ್ಗಿಕೊಂಡು ಅಡುಗೆ ಮಾಡುವುದು ನಾಲ್ಕು ದಿನದ ಪ್ರವಾಸಕ್ಕೆ ಸರಿ, ವರ್ಷಪೂರ್ತಿ ಆಗದು. ಸೀಟು ತೆಗೆಸಿ ಒಳಗಿನ ವಿನ್ಯಾಸ ಬದಲಿಸುವ ಮೊದಲೇ ಆರ್‌ಟಿಒ ಅನುಮತಿ ಪಡೆಯಿರಿ, ಆರ್‌ಸಿಯಲ್ಲಿ ಬದಲಾವಣೆ ನಮೂದಾಗಬೇಕು.

ಎರಡನೆಯದು ಅಳತೆ. ಅಂಗಳದಲ್ಲಿ ಗಾಡಿಯ ಒಳಗಿನ ಉದ್ದ ಅಗಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗೆರೆ ದಾಟದೆ ಒಂದು ದಿನ ಇಬ್ಬರೂ ಅಲ್ಲೇ ಉಂಡು, ಬಟ್ಟೆ ಮಡಚಿ, ಮಲಗಿ ನೋಡಿ. ಯಾವ ಕಪಾಟು ಬೇಡ ಅಂತ ಅವತ್ತೇ ಗೊತ್ತಾಗುತ್ತದೆ.

ಇನ್ನು ಒಳಗಿನ ಕೆಲಸ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಗಾಡಿಯ ಮೈ ಬರೀ ತಗಡು. ಹೊರಗೆ ಮಳೆ ಹೊಡೆದು ತಗಡು ತಣ್ಣಗಾಗುತ್ತದೆ. ಒಳಗಿನ ಬೆಚ್ಚಗಿನ ಗಾಳಿ ಅದಕ್ಕೆ ತಾಗಿದರೆ ಬೆವರಿನ ಹಾಗೆ ನೀರು ಕೂರುತ್ತದೆ. ಆ ನೀರು ಬರುವುದು ನಮ್ಮಿಂದಲೇ. ಇಬ್ಬರು ಮಲಗಿದರೆ ಉಸಿರು, ಬೆವರು ಸೇರಿ ಒಂದು ರಾತ್ರಿಗೆ ಹತ್ತಿರ ಹತ್ತಿರ ಅರ್ಧ ಲೀಟರ್. ಒಂದು ಕೆಜಿ ಅಡುಗೆ ಅನಿಲ ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಹೊರಬೀಳುತ್ತದೆ. ಪಾತ್ರೆಯಿಂದ ಏಳುವ ಹಬೆ ಬೇರೆ. ಇದಿಷ್ಟಕ್ಕೂ ಹೊರಗೆ ಹೋಗಲು ದಾರಿ ಬೇಕು, ಅಲ್ವಾ?

ದಾರಿ ಅಂದರೆ ಎರಡು ತೂತು. ಗಾಳಿ ಒಳಬರಲು ಹಾಸಿಗೆಯ ಕಡೆ ತಗ್ಗಿನಲ್ಲಿ ಒಂದು, ಹೊರಹೋಗಲು ಒಲೆಯ ಮೇಲೆ ಮಾಡಿನಲ್ಲಿ ಒಂದು. ಮಾಡಿನ ತೂತಿಗೆ 12 ವೋಲ್ಟಿನ ಫ್ಯಾನ್ ಮತ್ತು ಮಳೆ ತಡೆಯುವ ಮುಚ್ಚಳ. ಬರೀ ಮೇಲಿನ ಫ್ಯಾನ್ ಹಾಕಿ ಕಿಟಕಿಗಳನ್ನೆಲ್ಲ ಮುಚ್ಚಿಟ್ಟರೆ ಅದು ಸುಮ್ನೆ ತಿರುಗುತ್ತದೆ ಅಷ್ಟೆ. ರಾತ್ರಿ ಪೂರ್ತಿ ಫ್ಯಾನ್ ನಿಧಾನಕ್ಕೆ ಓಡುತ್ತಿರಲಿ. ಮಳೆ ಬಂತು ಅಂತ ನಿಲ್ಲಿಸಬೇಡಿ, ಮಳೆಯ ದಿನವೇ ಅದು ಬೇಕಾಗುವುದು.

ಹಲಗೆ ಹೊಡೆಸುವಾಗ ತಗಡಿಗೂ ಪ್ಲೈವುಡ್ಡಿಗೂ ನಡುವೆ ಒಂದು ಬೆರಳು ಜಾಗ ಇರಲಿ, ಮೇಲೂ ಕೆಳಗೂ ಅದು ತೆರೆದಿರಲಿ. ನಾನು ಹೀಗೆ ಹೇಳಿದಾಗ ಮರದ ಕೆಲಸದ ನಮ್ಮ ಆಚಾರ್ರು ಒಪ್ಪಲಿಲ್ಲ. "ಅಲ್ಲಿ ಜಿರಳೆ ಸೇರ್ತದೆ ಅಕ್ಕ" ಅಂದರು. "ಜಾಲಿ ಹೊಡೆಯಿರಿ ಆಚಾರ್ರೆ, ಜಿರಳೆ ಬಂದರೆ ನಾನು ನೋಡ್ಕೊಳ್ತೇನೆ" ಅಂದೆ. ಮೂರು ವರ್ಷ ಆಯಿತು, ಹಲಗೆಯ ಹಿಂದೆ ಇವತ್ತಿಗೂ ಒಣಗಿದ ಧೂಳಷ್ಟೇ ಇದೆ. ಪ್ಲೈವುಡ್ ಕೊಳ್ಳುವಾಗ ಐಎಸ್ 710 ಮುದ್ರೆ ನೋಡಿ, ಅದು ನೀರು ತಾಳುವ ಮರೈನ್ ಪ್ಲೈವುಡ್ಡಿನ ಗುರುತು. ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ಅಂತ ಬರೆದದ್ದು ನೀರು ತಡೆಯುವುದಿಲ್ಲ, ಅಂಗಡಿಯವರು ಏನೇ ಹೇಳಲಿ. ಪಾರ್ಟಿಕಲ್ ಬೋರ್ಡ್ ಅಂತೂ ಮುಟ್ಟಲೇಬೇಡಿ, ಒಂದೇ ಮಳೆಗಾಲಕ್ಕೆ ರೊಟ್ಟಿಯ ಹಾಗೆ ಉಬ್ಬುತ್ತದೆ.

ಹಾಸಿಗೆಯ ಅಡಿಗೆ ಇಡೀ ಹಲಗೆ ಬೇಡವೇ ಬೇಡ. ನಮ್ಮಲ್ಲಿ ಅಡಿಕೆ ಮರಕ್ಕೆ ಬರವಿಲ್ಲ. ಚೆನ್ನಾಗಿ ಬಲಿತ ಮರದ ದಬ್ಬೆ ಸೀಳಿಸಿ, ಒಳಗಿನ ಮೆತ್ತಗಿನ ಭಾಗ ಕೆತ್ತಿಸಿ, ಒಣಗಿಸಿ, ಎರಡು ಬೆರಳು ಬಿಟ್ಟು ಒಂದೊಂದೇ ಹೊಡೆಸಿ. ಸಿಬಿರು ಹೋಗುವ ತನಕ ಮರಳುಕಾಗದದಲ್ಲಿ ಉಜ್ಜಿ, ಇಲ್ಲದಿದ್ದರೆ ಹಾಸಿಗೆ ಹರಿಯುತ್ತದೆ. ಕಪಾಟಿನ ಬಾಗಿಲಿಗೂ ಹಲಗೆಯ ಬದಲು ಬಲೆ ಸಾಕು.

ತೇವ ಹೀರುವ ಡಬ್ಬಿಗಳು ಬರುತ್ತವಲ್ಲ, ಅವನ್ನು ನಂಬಬೇಡಿ. ಮುಚ್ಚಿದ ಪೆಟ್ಟಿಗೆಗೆ ಸರಿ. ವ್ಯಾನಿನಲ್ಲಿ ಬೇಗನೆ ತುಂಬುತ್ತವೆ. ನಮ್ಮದೊಂದು ತಿರುವಿನಲ್ಲಿ ಮಗುಚಿ, ಉಪ್ಪುಪ್ಪು ನೀರು ಸೀಟಿನ ಕಬ್ಬಿಣದ ಮೇಲೆ ಚೆಲ್ಲಿತು. ಅಲ್ಲಿ ತುಕ್ಕು ಹಿಡಿದದ್ದು ಇನ್ನೂ ಹೋಗಿಲ್ಲ.

ಅಡುಗೆಗೆ ನಾನು ಕುಚ್ಚಲಕ್ಕಿ ಬಿಟ್ಟಿಲ್ಲ. ಒಲೆಯ ಮೇಲೆ ಹತ್ತು ಹದಿನೈದು ನಿಮಿಷ ಕುದಿಸಿ, ಮುಚ್ಚಳ ಬಿಗಿದು, ಬಿಸಿ ಹಿಡಿದಿಡುವ ಥರ್ಮಲ್ ಕುಕ್ಕರಿನೊಳಗೆ ಇಟ್ಟರೆ ಒಂದೂವರೆ ಗಂಟೆಯಲ್ಲಿ ತಾನೇ ಬೇಯುತ್ತದೆ. ಗ್ಯಾಸೂ ಉಳಿಯಿತು, ಹಬೆಯೂ ಕಡಿಮೆ. ಒಲೆ ಉರಿಯುವಷ್ಟು ಹೊತ್ತು ಕಿಟಕಿ ತೆರೆದಿರಲೇಬೇಕು. ಇದು ತೇವದ ಮಾತಲ್ಲ, ಜೀವದ ಮಾತು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇರಬೇಕು.

ನೀರು, ಕರೆಂಟು ಸುಲಭ. ಅರುವತ್ತು ಲೀಟರ್ ನೀರು ಅಂದರೆ ಅರುವತ್ತು ಕೆಜಿ, ಟ್ಯಾಂಕಿ ತಗ್ಗಿನಲ್ಲಿ ಚಕ್ರದ ಹತ್ತಿರ ಇರಲಿ. ಬ್ಯಾಟರಿ ಲಿಥಿಯಂನದ್ದೇ ಹಾಕಿ, 100 ಆಂಪಿಯರ್ ಅವರ್‌ನದ್ದು ಫ್ಯಾನಿಗೂ ದೀಪಕ್ಕೂ ಫೋನಿಗೂ ಧಾರಾಳ. ಜೂನ್‌ನಿಂದ ಸೋಲಾರ್ ನಂಬಿ ಕೂರಬೇಡಿ, ಗಾಡಿ ಓಡುವಾಗ ಚಾರ್ಜ್ ಆಗುವ ಹಾಗೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ.

ಕೊನೆಗೆ ದಿನದ ಕ್ರಮ. ಒದ್ದೆ ಕೊಡೆ, ಚಪ್ಪಲಿ ಬಾಗಿಲ ಬಳಿಯ ಪ್ಲಾಸ್ಟಿಕ್ ತಟ್ಟೆ ದಾಟಬಾರದು. ಒದ್ದೆ ಬಟ್ಟೆ ಒಳಗೆ ನೇತುಹಾಕುವಂತಿಲ್ಲ. ಬೇಕಲದ ಕಡಲ ಬದಿಯಲ್ಲಿ ಎರಡು ರಾತ್ರಿ ನಿಂತರೆ ಮೂರನೆಯ ದಿನ ಗಾಡಿಯ ಅಡಿಗೆ ಸಿಹಿನೀರು ಹೊಡೆಯಿರಿ. ತೆಂಗಿನ ಮರದ ಅಡಿ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಗದ್ದೆ ಬದಿಗಿಂತ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಜಾಗ ಒಳ್ಳೆಯದು, ಚಕ್ರ ಹೂತುಹೋಗುವುದಿಲ್ಲ.

ದಿನಾ ಬೆಳಿಗ್ಗೆ ಹಾಸಿಗೆಯ ಕಾಲ ಕಡೆಯ ಮೂಲೆಗೆ, ಅಡಿಯಿಂದ ಕೈ ಹಾಕಿ ನೋಡಿ. ತೇವ ಮೊದಲು ಸಿಗುವುದು ಅಲ್ಲಿ. ಕೈಗೆ ತಣ್ಣಗೆ ಅನಿಸಿದರೆ ನಾಳೆಗೆ ಬಿಡಬೇಡಿ, ಆಗಲೇ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿ ಫ್ಯಾನ್ ಜೋರು ಮಾಡಿ.