ಲಾಗ್‌ನಲ್ಲಿ ಇಲ್ಲದ ಸಾಲು

ಮೊದಲ ಸಲ ಆದಾಗ ನಾನು ಅದನ್ನು ತೊಂದರೆ ಎಂದೇ ಎಣಿಸಲಿಲ್ಲ. ಏನೋ ಟೈಪ್ ಮಾಡುತ್ತಿದ್ದೆ, ಎಡಿಟರ್ ಸುಮ್ನೆ ನಿಂತುಬಿಟ್ಟಿತು. ಮೌಸ್ ಬಾಣ ಓಡಾಡುತ್ತಿತ್ತು. ಹಾಡು ನಡೆಯುತ್ತಲೇ ಇತ್ತು. ಫೈಲ್ ಮಾತ್ರ ಸೇವ್ ಆಗುತ್ತಿರಲಿಲ್ಲ. ಅರ್ಧ ನಿಮಿಷ ಕಳೆದ ಮೇಲೆ ಏನೂ ಆಗೇ ಇಲ್ಲ ಎಂಬಂತೆ ಎಲ್ಲ ಸರಿಹೋಯಿತು. ನಾನೂ ಮರೆತೆ.

ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಈ ಸಲ ಸರಿಹೋಗಲಿಲ್ಲ. ಸೇವ್ ಮಾಡಲು ಹೋದರೆ 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಎಂದಿತು. ನನ್ನದು ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಡೆಸ್ಕ್‌ಟಾಪ್, ಒಂದೇ ಹಾರ್ಡ್ ಡಿಸ್ಕ್, ಅದರ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಇಎಕ್ಸ್‌ಟಿ4. ಡಿಸ್ಕ್‌ಗೆ ಬರೆಯುವಾಗ ದೊಡ್ಡ ಎಡವಟ್ಟಾದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಇನ್ನಷ್ಟು ಹಾಳಾಗುವುದು ಬೇಡ ಎಂದು ಆ ಫೈಲ್ ಸಿಸ್ಟಮ್ ಅನ್ನು ಓದುವುದಕ್ಕೆ ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಅದು ರೋಗವಲ್ಲ, ರೋಗದ ಲಕ್ಷಣ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದೇನು? ರೀಸ್ಟಾರ್ಟ್!

ಅದೇ ಮೊದಲ ತಪ್ಪು. ರೀಸ್ಟಾರ್ಟ್ ಆದ ಮೇಲೆ ಜರ್ನಲ್‌ಸಿಟಿಎಲ್ ಕಮಾಂಡ್‌ಗೆ ಮೈನಸ್ ಬಿ ಮೈನಸ್ 1 ಎಂದು ಕೊಟ್ಟು ಹಿಂದಿನ ಬೂಟ್‌ನ ಲಾಗ್, ಅಂದರೆ ಯಂತ್ರ ತನ್ನ ಆಗುಹೋಗು ಬರೆದಿಡುವ ದಾಖಲೆ, ತೆಗೆದೆ. ಎಲ್ಲ ಚೆನ್ನಾಗಿಯೇ ಇತ್ತು. ಒಂದು ಗಳಿಗೆಯಲ್ಲಿ ಸಾಲುಗಳು ಥಟ್ಟನೆ ನಿಂತುಹೋಗಿದ್ದವು, ಅಷ್ಟೇ. ಯಾಕೆಂದರೆ ಲಾಗ್ ಬರೆಯುವುದೂ ಅದೇ ಡಿಸ್ಕ್‌ಗೆ ಅಲ್ವಾ? ಬರೆಯುವುದೇ ನಿಂತ ಮೇಲೆ ಅದು ಯಾಕೆ ನಿಂತಿತು ಎಂದು ಎಲ್ಲಿ ಬರೆಯಬೇಕು? ಆ ಕಾರಣ ಕರ್ನಲ್‌ನ ಮೆಮೊರಿಯಲ್ಲಿ ಮಾತ್ರ ಇತ್ತು. ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್ ಕಮಾಂಡ್ ಕೊಟ್ಟಿದ್ದರೆ ಕಾಣುತ್ತಿತ್ತು. ನಾನು ಬಟನ್ ಒತ್ತಿ ಅದನ್ನು ಒರೆಸಿಹಾಕಿದ್ದೆ.

ಯಾವ ತೊಂದರೆ ಬಂದರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದಕ್ಕೆ ಮುಂಚೆ ಏನು ಬದಲಾಯಿತು? ಸಾಫ್ಟ್‌ವೇರ್ ಹಾಕುವ ಎಪಿಟಿಯ ಹಿಸ್ಟರಿ ಲಾಗ್ ತೆರೆದೆ. ಉತ್ತರ ತಟ್ಟೆಯಲ್ಲಿಟ್ಟ ಹಾಗೆ ಸಿಕ್ಕಿತು. ಮೊದಲ ಸಲ ನಿಂತ ದಿನಕ್ಕೆ ಹಿಂದಿನ ಭಾನುವಾರ ಸಂಜೆ ಹೊಸ ಕರ್ನಲ್ ಬಂದಿತ್ತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ಬೂಟ್ ಮಾಡಿದೆ.

ನಾಲ್ಕು ದಿನ ಒಂದೇ ಒಂದು ಸಲವೂ ನಿಲ್ಲಲಿಲ್ಲ. ಕರ್ನಲ್‌ನದೇ ತಪ್ಪು ಎಂದು ಇಬ್ಬರು ಸ್ನೇಹಿತರಿಗೆ ಹೇಳಿಯೂ ಆಗಿತ್ತು. ಐದನೇ ದಿನ ಮಧ್ಯಾಹ್ನ ಹಳೆಯ ಕರ್ನಲ್‌ನಲ್ಲೇ ಮತ್ತೆ ರೀಡ್-ಓನ್ಲಿ. ಆಗೊಮ್ಮೆ ಈಗೊಮ್ಮೆ ಬರುವ ತೊಂದರೆಯ ಕಷ್ಟವೇ ಇದು. ನಾವು ಏನು ಮಾಡಿದರೂ ಸ್ವಲ್ಪ ದಿನ 'ಸರಿಯಾಗುತ್ತದೆ'. ಎರಡು ದಿನಕ್ಕೊಮ್ಮೆ ಬರುವುದು ನಾಲ್ಕು ದಿನ ಬರಲಿಲ್ಲ ಎಂದರೆ ಅದು ಸಾಕ್ಷಿಯೇ ಅಲ್ಲ.

ಆಮೇಲೆ ತಲೆ ಹೋಗಿದ್ದು ರ್‍ಯಾಮ್ ಕಡೆಗೆ. ಮೆಮ್‌ಟೆಸ್ಟ್86 ಪ್ಲಸ್ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಹಲವು ಸುತ್ತು ಮುಗಿದಿತ್ತು, ಎರರ್ ಸೊನ್ನೆ. ಇದರ ಬಗ್ಗೆ ಇಷ್ಟೇ ಸಾಕು.

ಉಳಿದಿದ್ದು ಡಿಸ್ಕ್. ಇಲ್ಲಿ ನಾನು ಸ್ವಲ್ಪ ಬುದ್ಧಿವಂತನಾದೆ. ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮೂಲಕ ಡೆಸ್ಕ್‌ಟಾಪ್ ಒಳಗೆ ಹೋಗಿ, ಡಿಮೆಸೇಜ್‌ಗೆ ಮೈನಸ್ ಡಬ್ಲ್ಯು ಕೊಟ್ಟು ಓಡಲು ಬಿಟ್ಟೆ. ಹೊಸ ಸಾಲು ಬಂದ ಹಾಗೆಲ್ಲ ಅದು ತೋರಿಸುತ್ತಾ ಹೋಗುತ್ತದೆ. ಡೆಸ್ಕ್‌ಟಾಪ್‌ನ ಡಿಸ್ಕ್ ಪೂರ್ತಿ ಸತ್ತರೂ ಲ್ಯಾಪ್‌ಟಾಪ್ ಪರದೆಯ ಮೇಲೆ ಬಂದ ಸಾಲುಗಳು ಎಲ್ಲಿಗೂ ಹೋಗುವುದಿಲ್ಲ.

ಮಾರನೇ ದಿನವೇ ಬಲೆಗೆ ಬಿತ್ತು. ಮೊದಲು ಓದುವ ಕಮಾಂಡ್ ಒಂದು ಸೋತ ಸಾಲು. ಆಮೇಲೆ 'ಹಾರ್ಡ್ ರಿಸೆಟಿಂಗ್ ಲಿಂಕ್', ಅಂದರೆ ಡಿಸ್ಕ್ ಜೊತೆಗಿನ ಸಂಪರ್ಕವನ್ನು ಮೊದಲಿನಿಂದ ಶುರು ಮಾಡುತ್ತಿದ್ದೇನೆ ಎಂದು. ಆಮೇಲೆ ಲಿಂಕ್ ವೇಗವನ್ನು 6 ಗಿಗಾಬಿಟ್‌ನಿಂದ 3ಕ್ಕೆ ಇಳಿಸುತ್ತಿದ್ದೇನೆ ಎಂಬ ಸಾಲು. ಅದೂ ಆಗದೆ 1.5. ಕೊನೆಗೆ 'ಡಿಸೇಬಲ್ಡ್'. ಕರ್ನಲ್ ಕೈಚೆಲ್ಲಿ ಡಿಸ್ಕ್ ಅನ್ನೇ ಬಿಟ್ಟುಬಿಟ್ಟಿತ್ತು. ಮೊದಮೊದಲು ಅರ್ಧ ನಿಮಿಷ ನಿಂತು ಮುಂದೆ ಹೋಗುತ್ತಿದ್ದುದು ಯಾಕೆ ಎಂದೂ ಆಗ ತಿಳಿಯಿತು. ಡಿಸ್ಕ್‌ಗೆ ಕೊಟ್ಟ ಕಮಾಂಡ್‌ಗೆ ಉತ್ತರ ಬರಲಿ ಎಂದು ಲಿನಕ್ಸ್ ಕಾಯುವುದು ಸಾಮಾನ್ಯವಾಗಿ 30 ಸೆಕೆಂಡ್. ಅಷ್ಟರಲ್ಲಿ ಬರದಿದ್ದರೆ ಲಿಂಕ್ ರಿಸೆಟ್ ಮಾಡಿ ಮತ್ತೆ ಕೇಳುತ್ತದೆ. ಅಷ್ಟು ಹೊತ್ತು ಆ ಡಿಸ್ಕ್ ಬೇಕಾದ ಪ್ರೋಗ್ರಾಂಗಳೆಲ್ಲ ಡಿ ಸ್ಥಿತಿಯಲ್ಲಿ, ಅಂದರೆ ಡಿಸ್ಕ್‌ನ ಉತ್ತರಕ್ಕೆ ಕಾಯುತ್ತಾ, ಮಲಗಿರುತ್ತವೆ. ಬಲವಂತವಾಗಿ ನಿಲ್ಲಿಸುವ ಕಿಲ್ ಮೈನಸ್ 9 ಹಾಕಿದರೂ ಜಗ್ಗುವುದಿಲ್ಲ. ಸಿಪಿಯುಗೆ ಕೆಲಸವೇ ಇಲ್ಲದಿದ್ದರೂ ಯಂತ್ರದ ಹೊರೆ ತೋರಿಸುವ ಲೋಡ್ ಆವರೇಜ್ ಏರುತ್ತಾ ಹೋಗುತ್ತದೆ, ಯಾಕೆಂದರೆ ಲಿನಕ್ಸ್ ಹೀಗೆ ಕಾದು ಕೂತವರನ್ನೂ ಆ ಲೆಕ್ಕಕ್ಕೆ ಸೇರಿಸುತ್ತದೆ.

ಡಿಸ್ಕ್ ಹೋದ ಮೇಲೂ ಯಂತ್ರ ಅರೆಜೀವದಲ್ಲಿ ಇತ್ತು. ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್ ಎಂದರೂ 'ಇನ್‌ಪುಟ್/ಔಟ್‌ಪುಟ್ ಎರರ್', ಯಾಕೆಂದರೆ ಎಲ್‌ಎಸ್ ಎಂಬ ಪ್ರೋಗ್ರಾಂ ಇರುವುದೂ ಆ ಡಿಸ್ಕ್‌ನಲ್ಲೇ. ಆದರೆ ಎಕೋ ಎಂಬುದು ಶೆಲ್‌ನ, ಅಂದರೆ ನಾವು ಬರೆದ ಕಮಾಂಡ್ ಓದುವ ಪ್ರೋಗ್ರಾಂನ, ಒಳಗೇ ಇರುವ ಕಮಾಂಡ್. ಅದಕ್ಕೆ ಡಿಸ್ಕ್‌ನಿಂದ ಯಾವ ಪ್ರೋಗ್ರಾಮೂ ಬೇಡ. ಪ್ರಾಕ್ ಫೋಲ್ಡರ್ ಡಿಸ್ಕ್ ಮೇಲೆ ಇರುವುದೇ ಅಲ್ಲ, ಕರ್ನಲ್ ಅಲ್ಲಲ್ಲೇ ಕಟ್ಟಿಕೊಡುವ ಫೋಲ್ಡರ್. ಅಲ್ಲಿಗೆ ಹೋಗಿ ಎಕೋ ಎಂದು ಬರೆದು ಒಂದು ನಕ್ಷತ್ರ ಹಾಕಿದೆ, ಫೈಲ್‌ಗಳ ಹೆಸರೆಲ್ಲ ಬಂದವು. ಅದರಿಂದ ಆ ದಿನ ನನಗೇನೂ ಉಪಯೋಗ ಆಗಲಿಲ್ಲ, ಖುಷಿ ಮಾತ್ರ ಆಯಿತು.

ಡಿಸ್ಕ್ ಸಾಯುತ್ತಿದೆ ಎಂದು ತೀರ್ಮಾನಿಸಿದೆ. ಈ ಹೊತ್ತಿನಲ್ಲಿ ಎಷ್ಟೋ ಜನ ಮೊದಲು ಫೈಲ್ ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸುತ್ತಾರೆ. ಡಿಸ್ಕ್ ಮೇಲೆ ಅನುಮಾನ ಇದ್ದರೆ ಅದು ಬೇಡ. ಮೊದಲು ನಕಲು, ಆಮೇಲೆ ರಿಪೇರಿ. ಮೌಂಟ್ ಆಗಿ, ಅಂದರೆ ಬಳಕೆಯಲ್ಲಿದ್ದು, ಬರೆಯುತ್ತಿರುವ ಫೈಲ್ ಸಿಸ್ಟಮ್ ಮೇಲಂತೂ ಎಂದಿಗೂ ಓಡಿಸಬಾರದು. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಹೊಸ ಎಸ್‌ಎಸ್‌ಡಿಯೊಂದನ್ನು ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿ, ಕೆಟ್ಟ ಡಿಸ್ಕ್‌ನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಓಡಿಸಿದೆ. ಓದಲಾಗದ ಜಾಗಗಳನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಗುರುತು ಹಾಕಿಕೊಂಡು ಅದು ಮುಂದೆ ಹೋಗುತ್ತದೆ, ಆಮೇಲೆ ಬಂದು ಅವನ್ನಷ್ಟೇ ಮತ್ತೆ ಕೇಳುತ್ತದೆ. ಮೊದಲ ಸುತ್ತಿನಲ್ಲಿ ಹನ್ನೆರಡು ಕಡೆ ಓದಲಾಗಲಿಲ್ಲ. ಎರಡನೇ ಸುತ್ತಿನಲ್ಲಿ ಹನ್ನೆರಡೂ ಓದಿಬಿಟ್ಟಿತು. ನನಗೆ ಎಲ್ಲ ಸಿಕ್ಕಿತಲ್ಲ ಎಂಬ ಸಂತೋಷ. ಕೆಟ್ಟ ಸೆಕ್ಟರ್, ಅಂದರೆ ಡಿಸ್ಕ್‌ನ ಕೆಟ್ಟ ತುಣುಕು, ಇಷ್ಟು ಸುಲಭಕ್ಕೆ ಮನಸ್ಸು ಬದಲಿಸುವುದು ಅಪರೂಪ ಎಂದು ಹೊಳೆಯಲೇ ಇಲ್ಲ.

ಅದಕ್ಕೂ ದೊಡ್ಡ ಸುಳಿವು ನಾನೇ ಬಿಟ್ಟಿದ್ದೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಡುವುದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಅದನ್ನು ಓದುವ ಸ್ಮಾರ್ಟ್‌ಸಿಟಿಎಲ್‌ನ ಲಾಂಗ್ ಟೆಸ್ಟ್ ಅನ್ನು ಹಳೆಯ ಡಿಸ್ಕ್ ಮೇಲೆ ಓಡಿಸಿದ್ದೆ. ಗಂಟೆಗಟ್ಟಲೆ ಓಡಿ, ಯಾವ ಎರರ್ ಇಲ್ಲದೆ ಮುಗಿಯಿತು ಎಂದಿತು. ಈ ಸ್ಮಾರ್ಟ್ ಸುಮ್ನೆ ಹೆಸರಿಗೆ ಎಂದು ಬೈದುಕೊಂಡು ಮುಚ್ಚಿದ್ದೆ. ಅದು ಹೇಳುವ 'ಪಾಸ್ಡ್' ಎಂಬ ಒಂದು ಮಾತನ್ನು ನಂಬಬಾರದು ನಿಜ. ಅದು ಪಾಸ್ ಎನ್ನುತ್ತಲೇ ಎಷ್ಟೋ ಡಿಸ್ಕ್‌ಗಳು ಸತ್ತಿವೆ. ಆದರೆ ಲಾಂಗ್ ಟೆಸ್ಟ್ ಬೇರೆ. ಡಿಸ್ಕ್ ತನ್ನ ಮೇಲ್ಮೈಯನ್ನು ತಾನೇ ಒಳಗೊಳಗೆ ಓದಿ ನೋಡುತ್ತದೆ. ಓದಿದ ಡೇಟಾ ಕೇಬಲ್ ದಾಟಿ ಈಚೆ ಬರುವುದೇ ಇಲ್ಲ. ಡಿಸ್ಕ್ ಒಳಗೆ ಕೂತು ಓದಿದರೆ ಎಲ್ಲ ಸರಿ, ಹೊರಗೆ ತಂದು ಕೊಡು ಎಂದರೆ ತಪ್ಪು. ಹಾಗಾದರೆ ತಪ್ಪು ಎಲ್ಲಿ?

ಹೊಸ ಎಸ್‌ಎಸ್‌ಡಿಯನ್ನು ಹಳೆಯ ಡಿಸ್ಕ್ ಇದ್ದ ಜಾಗಕ್ಕೆ, ಅದೇ ಕೇಬಲ್‌ಗೆ ಸಿಕ್ಕಿಸಿದೆ. ಮೂರನೇ ದಿನ ಲ್ಯಾಪ್‌ಟಾಪ್ ಪರದೆಯ ಮೇಲೆ ಅದೇ ಸಾಲು: ಹಾರ್ಡ್ ರಿಸೆಟಿಂಗ್ ಲಿಂಕ್.

ನಗು ಬಂತು, ಸಿಟ್ಟೂ ಬಂತು. ಕೂತು ಸ್ಮಾರ್ಟ್ ಪಟ್ಟಿಯನ್ನು ಮೊದಲ ಸಲ ಪೂರ್ತಿ ಓದಿದೆ. 5ನೇ ನಂಬರ್ ಎಂದರೆ ಕೆಟ್ಟ ಸೆಕ್ಟರ್ ಬದಲಿಗೆ ಬೇರೆ ಕೊಟ್ಟ ಲೆಕ್ಕ. 197 ಎಂದರೆ ಅನುಮಾನದಲ್ಲಿರುವ ಸೆಕ್ಟರ್‌ಗಳು. 198 ಎಂದರೆ ಓದಲಾಗದವು. ಹಳೆಯ ಡಿಸ್ಕ್‌ನಲ್ಲಿ ಮೂರೂ ಸೊನ್ನೆ. ಕೆಳಗಡೆ 199ರ ಮುಂದೆ ಮಾತ್ರ ನಾಲ್ಕು ನೂರು ಚಿಲ್ಲರೆ. ಹೊಸದರಲ್ಲೂ 199 ಆಗಲೇ 17. ಇದು ಸಿಆರ್‌ಸಿ ಎರರ್ ಲೆಕ್ಕ. ಡಿಸ್ಕ್ ಅನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಮೇಲೆ ಹೋಗುವ ಪ್ರತಿ ಕಂತಿನ ಡೇಟಾಗೂ ಕೊನೆಯಲ್ಲಿ ಒಂದು ತಾಳೆ ಸಂಖ್ಯೆ ಇರುತ್ತದೆ. ಆ ತುದಿಯಲ್ಲಿ ತಾಳೆ ಆಗಲಿಲ್ಲವೆಂದರೆ ದಾರಿಯಲ್ಲಿ ಕೆಟ್ಟಿದೆ ಎಂದರ್ಥ. ಡಿಸ್ಕ್ ಪಾಪ ವಾರಗಳಿಂದ ಅದನ್ನೇ ಹೇಳುತ್ತಿತ್ತು.

ಇಷ್ಟಾದರೂ ಕೇಬಲ್ಲೋ ಮದರ್‌ಬೋರ್ಡ್ ಪೋರ್ಟೋ ಎಂದು ತಿಳಿಯಬೇಕಲ್ಲ. ಮತ್ತೆ ಮೂರು ದಿನ ಕಾಯುವ ತಾಳ್ಮೆ ಇರಲಿಲ್ಲ. ಅದಕ್ಕೆ ತೊಂದರೆಯನ್ನು ಬೇಕೆಂದಾಗ ಬರಿಸುವ ದಾರಿ ಹುಡುಕಿದೆ. 199ರ ಲೆಕ್ಕ ಬರೆದುಕೊಳ್ಳುವುದು, ಡಿಡಿ ಕಮಾಂಡ್‌ನಿಂದ ಇಡೀ ಡಿಸ್ಕ್ ಓದಿ ಬಂದದ್ದನ್ನೆಲ್ಲ ಎಸೆದುಬಿಡುವ ಡೆವ್ ನಲ್‌ಗೆ ಚೆಲ್ಲುವುದು, ಮತ್ತೆ 199 ನೋಡುವುದು. ಒಂದು ಸುತ್ತು ಓದಿದರೆ ಲೆಕ್ಕ ಏಳೆಂಟು ಏರುತ್ತಿತ್ತು. ಅಷ್ಟು ದಿನ ಒದ್ದಾಡಿದ್ದರಲ್ಲಿ ಅತ್ಯಂತ ಉಪಯೋಗದ ಕೆಲಸ ಇದೇ. ಅದೇ ಕೇಬಲ್ ಅನ್ನು ಬೇರೆ ಪೋರ್ಟ್‌ಗೆ ಹಾಕಿ ಓದಿದೆ, ಏರಿತು. ಹಳೆಯ ಪೋರ್ಟ್‌ಗೇ ವಾಪಸ್ ಬಂದು ಕೇಬಲ್ ಮಾತ್ರ ಬದಲಿಸಿ ಓದಿದೆ, ಏರಲಿಲ್ಲ. ಇನ್ನೊಮ್ಮೆ ಓದಿದೆ, ಇಲ್ಲ. ನಂಬಿಕೆ ಬರದೆ ಹಳೆಯ ಕೇಬಲ್ ಮತ್ತೆ ಹಾಕಿದೆ, ಏರಿತು. ಯಂತ್ರ ಓಡುತ್ತಿರುವಾಗಲೇ ಆ ಕೇಬಲ್‌ನ ಪ್ಲಾಸ್ಟಿಕ್ ತುದಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದೆ. ಲ್ಯಾಪ್‌ಟಾಪ್ ಮೇಲೆ ತಕ್ಷಣ ಒಂದು ಸಾಲು ಉದುರಿತು. ಬೇಕಾದ ಡೇಟಾ ಇರುವ ಡಿಸ್ಕ್ ಮೇಲೆ ಇದನ್ನು ಮಾಡಬೇಡಿ. ನನ್ನ ಹತ್ತಿರ ಅಷ್ಟೊತ್ತಿಗೆ ಎರಡು ನಕಲು ಇದ್ದವು.

ಬೆರಳು ಇನ್ನೂ ಕೇಬಲ್ ಮೇಲೇ ಇತ್ತು, ಆಗ ನೆನಪಾಯಿತು. ಆ ಭಾನುವಾರ ಸಂಜೆ ಕರ್ನಲ್ ಅಪ್‌ಡೇಟ್ ಮಾಡಿದ್ದೆ ಸರಿ. ಅದೇ ಭಾನುವಾರ ಬೆಳಿಗ್ಗೆ ಕ್ಯಾಬಿನೆಟ್ ಬಿಚ್ಚಿ ಧೂಳು ಹೊಡೆದಿದ್ದೆ. ಫ್ಯಾನ್ ತಲುಪಲು ಅಡ್ಡ ಬಂದ ಕೇಬಲ್ ಅನ್ನು ಪಕ್ಕಕ್ಕೆ ಬಗ್ಗಿಸಿದ್ದೂ ನಾನೇ.

ಏನು ಬದಲಾಯಿತು ಎಂದು ಕೇಳಿಕೊಂಡಿದ್ದೆ ಅಲ್ವಾ? ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಉತ್ತರಕ್ಕೆ ನೋಡಿದ್ದು ಲಾಗ್ ಅನ್ನು ಮಾತ್ರ. ಕರ್ನಲ್ ಬಂದ ಸಮಯ ಸೆಕೆಂಡ್ ಸಮೇತ ಅಲ್ಲಿ ಇತ್ತು. ನಾನು ಬ್ರಷ್ ಹಿಡಿದು ಕೂತಿದ್ದು ಎಲ್ಲಿಯೂ ಇರಲಿಲ್ಲ.

ಅವತ್ತಿನಿಂದ ಹೋಮ್ ಫೋಲ್ಡರ್‌ನಲ್ಲಿ ಒಂದು ಟೆಕ್ಸ್ಟ್ ಫೈಲ್ ಇಟ್ಟಿದ್ದೇನೆ. ಕೈಯಿಂದ ಮಾಡಿದ್ದನ್ನೆಲ್ಲ ತಾರೀಖು ಹಾಕಿ ಒಂದೊಂದು ಸಾಲಿನಲ್ಲಿ ಬರೆಯುತ್ತೇನೆ. ಕ್ಯಾಬಿನೆಟ್ ತೆರೆದೆ. ಮಾನಿಟರ್ ಕೇಬಲ್ ಬದಲಿಸಿದೆ. ಯಾವುದೋ ಕಾನ್ಫಿಗ್ ಫೈಲ್‌ನಲ್ಲಿ ಒಂದು ಅಂಕಿ ತಿದ್ದಿದೆ. ಒಂದು ತಿಂಗಳೊಳಗೇ ಅದು ಕೆಲಸಕ್ಕೆ ಬಂತು. ಒಂದು ದಿನ ಹೊಸ ಎಸ್‌ಎಸ್‌ಡಿ ಜಾಗವಿಲ್ಲ ಎಂದು ಕೂಗತೊಡಗಿತು. ಲಾಗ್‌ಗಳಿರುವ ವಾರ್ ಲಾಗ್ ಫೋಲ್ಡರ್‌ನಲ್ಲಿ ಒಂದು ಫೈಲ್ ಬೆಟ್ಟದ ಹಾಗೆ ಬೆಳೆದಿತ್ತು. ಅಳಿಸಿದೆ. ಆದರೂ ಖಾಲಿ ಜಾಗ ತೋರಿಸುವ ಡಿಎಫ್ ಪ್ರಕಾರ ಒಂದು ಚೂರೂ ಜಾಗ ಬಿಡುಗಡೆ ಆಗಲಿಲ್ಲ. ಫೈಲ್‌ಗಳ ಗಾತ್ರ ಕೂಡಿಸಿ ಹೇಳುವ ಡಿಯು ಕೇಳಿದರೆ ಬೇಕಾದಷ್ಟು ಜಾಗ ಇದೆ ಎನ್ನುವ ಹಾಗೆ ಲೆಕ್ಕ ಕೊಟ್ಟಿತು. ಹಿಂದೊಮ್ಮೆ ಆಗಿದ್ದರೆ ಇನ್ನೊಂದು ವಾರ ಹೋಗುತ್ತಿತ್ತು. ಯುನಿಕ್ಸ್‌ನಲ್ಲಿ ಫೈಲ್ ಅಳಿಸುವುದೆಂದರೆ ಫೋಲ್ಡರ್‌ನಿಂದ ಹೆಸರು ತೆಗೆಯುವುದು. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದುಕೊಂಡಿದ್ದರೆ, ಅದು ಮುಚ್ಚುವ ತನಕ ಜಾಗ ವಾಪಸ್ ಬರುವುದಿಲ್ಲ. ತೆರೆದಿರುವ ಫೈಲ್‌ಗಳನ್ನು ತೋರಿಸುವ ಎಲ್‌ಎಸ್‌ಒಎಫ್‌ಗೆ ಪ್ಲಸ್ ಎಲ್ 1 ಎಂದು ಕೊಟ್ಟರೆ ಹೀಗೆ ಹೆಸರು ಕಳೆದುಕೊಂಡೂ ಬದುಕಿರುವ ಫೈಲ್‌ಗಳು ಕಾಣುತ್ತವೆ. ಲಾಗ್ ಬರೆಯುವ ಪ್ರೋಗ್ರಾಂ ಆರ್‌ಸಿಸ್‌ಲಾಗ್ ಅದನ್ನು ಹಿಡಿದುಕೊಂಡು ಕೂತಿತ್ತು. ಆ ಪ್ರೋಗ್ರಾಂ ಅನ್ನು ರೀಸ್ಟಾರ್ಟ್ ಮಾಡಿದೆ, ಜಾಗ ಬಂತು. ಆ ಫೈಲ್ ಅಷ್ಟು ಬೆಳೆದದ್ದು ಯಾಕೆ ಎಂದು ನನ್ನ ಟೆಕ್ಸ್ಟ್ ಫೈಲ್ ತೆರೆದೆ. ಹೊಸ ಕೇಬಲ್ ಮೇಲೆ ಕಣ್ಣಿಟ್ಟಿದ್ದ ದಿನಗಳಲ್ಲಿ ಎಲ್ಲ ಸಂದೇಶವೂ ಬರಲಿ ಎಂದು ಲಾಗ್ ಮಟ್ಟವನ್ನು ಡಿಬಗ್‌ಗೆ ಏರಿಸಿದ್ದೆ. ವಾಪಸ್ ಇಳಿಸಿದ ಸಾಲು ಮಾತ್ರ ಎಲ್ಲೂ ಇರಲಿಲ್ಲ.

ಕೆಟ್ಟ ಕೇಬಲ್‌ಗೆ ಗಂಟು ಹಾಕಿ ಎಸೆದೆ. ಗಂಟು ಹಾಕದಿದ್ದರೆ ಆರು ತಿಂಗಳ ಮೇಲೆ ನಾನೇ ಅದನ್ನು ಡಬ್ಬದಿಂದ ಹುಡುಕಿ ತೆಗೆದು ಯಾವುದಕ್ಕಾದರೂ ಹಾಕಿಬಿಡುತ್ತೇನೆ. ಹಳೆಯ ಡಿಸ್ಕ್ ಈಗ ಅದೇ ಯಂತ್ರದಲ್ಲಿ ಬ್ಯಾಕಪ್‌ಗೆ ಇದೆ. 199ರ ಲೆಕ್ಕ ಒಮ್ಮೆ ಏರಿದರೆ ಸೊನ್ನೆಗೆ ಇಳಿಯುವುದಿಲ್ಲ, ಆದ್ದರಿಂದ ಹಳೆಯ ಅಂಕಿಯನ್ನು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಟ್ಟು ತಿಂಗಳಿಗೊಮ್ಮೆ ಹೋಲಿಸುತ್ತೇನೆ. ಕೇಬಲ್ ಬದಲಿಸಿದ ದಿನ 437 ಇತ್ತು. ಇವತ್ತು ಬೆಳಿಗ್ಗೆ ನೋಡಿದೆ, 437.