ಬೆಂಗಳೂರಲ್ಲಿ ಟೆಕ್ ಕೆಲಸ: ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ

ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯಿಂದ ಟೆಕ್ ಕೆಲಸ ಹುಡುಕಿ ಬೆಂಗಳೂರಿಗೆ ಬರುವವರ ತಲೆಯಲ್ಲಿ ಒಂದೇ ಪ್ರಶ್ನೆ: ನನ್ನನ್ನು ಯಾರು ತಗೋತಾರೆ? ಆ ಕಂಪನಿ ನಮಗೆ ಹೊಂದುತ್ತದಾ ಅಂತ ಯೋಚಿಸುವುದು ಸೇರಿದ ಮೇಲೆ. ಅಷ್ಟರಲ್ಲಿ ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಅನ್ನುವ ಬಾಂಡ್‌ಗೆ ಸಹಿ ಬಿದ್ದಿರುತ್ತದೆ, ಮನೆಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ಕೆಲಸ ಹುಡುಕುವಾಗಲೇ ಕಂಪನಿಯನ್ನೂ ಅಳೆಯಬೇಕು. ಹೊಸಬರಿಗೂ ಅದು ಸಾಧ್ಯ.

ಊರಿನ ನಕ್ಷೆ ನೋಡಿಕೊಳ್ಳಿ

ಎಲೆಕ್ಟ್ರಾನಿಕ್ ಸಿಟಿ ದಕ್ಷಿಣದ ತುದಿ. ವೈಟ್‌ಫೀಲ್ಡ್ ಪೂರ್ವದ ತುದಿ. ಮಾನ್ಯತಾ ಟೆಕ್ ಪಾರ್ಕ್ ಉತ್ತರಕ್ಕೆ, ಹೆಬ್ಬಾಳದ ಹತ್ತಿರ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆಯುದ್ದಕ್ಕೂ ದೊಡ್ಡ ಟೆಕ್ ಪಾರ್ಕ್‌ಗಳಿವೆ. ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಸ್ಟಾರ್ಟಪ್‌ಗಳು ಜಾಸ್ತಿ. ನೇರಳೆ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ ಹೋಗುತ್ತದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೊ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಹೋಗುತ್ತದೆ.

ಕೆಲಸ ಗೊತ್ತಾಗುವವರೆಗೆ ಪಿಜಿ ಸಾಕು. ಬಾಡಿಗೆ ಮನೆಗೆ ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಇಲ್ಲಿ ವಾಡಿಕೆ. ಮಲ್ಲೇಶ್ವರದಲ್ಲಿ ಮನೆ ಮಾಡಿದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕರೆ ದಿನದ ಮೂರು ಗಂಟೆ ರಸ್ತೆಗೇ ಹೋಗಬಹುದು.

ಅರ್ಜಿಗಿಂತ ಪರಿಚಯ

ನೌಕ್ರಿ, ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲ್ ಇರಲಿ. ಆದರೆ ಒಂದೇ ರೆಸ್ಯೂಮೆಯನ್ನು ನೂರು ಕಡೆ ಎಸೆಯುವುದಕ್ಕಿಂತ ಹತ್ತು ಕಡೆ ರೆಫರಲ್ (ಕಂಪನಿಯ ಒಳಗಿರುವವರ ಶಿಫಾರಸು) ಕೇಳುವುದು ಮೇಲು. ನಿಮ್ಮ ಕಾಲೇಜಿನ ಸೀನಿಯರ್‌ಗಳು ಎಲ್ಲೆಲ್ಲಿದ್ದಾರೆ ನೋಡಿ. ಸುಮ್ನೆ "ಅಣ್ಣಾ, ಕೆಲಸ ಇದ್ರೆ ಹೇಳಿ" ಅಂದರೆ ಅವರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಅಕ್ಕಾ, ನಿಮ್ಮ ಕಂಪನಿಯ ಈ ಹುದ್ದೆಗೆ ಅರ್ಜಿ ಹಾಕಬೇಕು ಅಂತಿದ್ದೀನಿ. ಇದು ಜಾಬ್ ಐಡಿ, ಇದು ರೆಸ್ಯೂಮೆ, ನಾನು ಮಾಡಿದ ಪ್ರಾಜೆಕ್ಟ್ ಇದು. ರೆಫರ್ ಮಾಡೋಕೆ ಆಗುತ್ತಾ?" ಅಂತ ಬರೆಯಿರಿ. ಅವರ ಕೆಲಸ ಹಗುರ ಮಾಡಿದಷ್ಟೂ ಉತ್ತರ ಬೇಗ ಬರುತ್ತದೆ.

ಟ್ರೈನಿಂಗ್ ಫೀ, ಲ್ಯಾಪ್‌ಟಾಪ್ ಡೆಪಾಸಿಟ್, ರಿಜಿಸ್ಟ್ರೇಷನ್ ಅಂತ ದುಡ್ಡು ಕೇಳಿದವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ದುಡ್ಡು ಕೇಳುವುದಿಲ್ಲ.

ಕಂಪನಿಯ ಜಾತಕ ಸರ್ಕಾರಿ ಜಾಲತಾಣದಲ್ಲಿದೆ

ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಕಂಪನಿ ಯಾವಾಗ ನೋಂದಣಿ ಆಯಿತು, ಈಗಲೂ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಇದಕ್ಕಿಂತ ಉಪಯೋಗದ್ದು ನೌಕರರ ಭವಿಷ್ಯ ನಿಧಿ (ಪಿಎಫ್) ನೋಡಿಕೊಳ್ಳುವ ಇಪಿಎಫ್‌ಒ ಜಾಲತಾಣದ ಎಸ್ಟಾಬ್ಲಿಷ್‌ಮೆಂಟ್ ಸರ್ಚ್. ಕಂಪನಿಯ ಹೆಸರು ಹಾಕಿದರೆ ಯಾವ ತಿಂಗಳ ಪಿಎಫ್ ಯಾವತ್ತು ಕಟ್ಟಿದ್ದಾರೆ, ಎಷ್ಟು ನೌಕರರಿಗೆ ಕಟ್ಟಿದ್ದಾರೆ ಎನ್ನುವುದು ಕಾಣುತ್ತದೆ. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪದೇ ಪದೇ ತಡವಾಗಿದ್ದರೆ ಕಂಪನಿಯ ಕೈಯಲ್ಲಿ ದುಡ್ಡು ಓಡಾಡುತ್ತಿಲ್ಲವೇನೋ ಅಂತ ಅನುಮಾನಪಡಿ. ತಿಂಗಳಿಂದ ತಿಂಗಳಿಗೆ ನೌಕರರ ಸಂಖ್ಯೆ ಇಳಿಯುತ್ತಿದ್ದರೆ ಜನ ಯಾಕೆ ಬಿಡುತ್ತಿದ್ದಾರೆ ಅಂತ ವಿಚಾರಿಸಿ. ಹತ್ತು ನಿಮಿಷದ ಕೆಲಸ ಇದು. ಆದರೂ ಮಾಡುವವರು ಕಡಿಮೆ ಅನ್ನೋದೇ ನನಗೆ ಬೇಸರ.

ಇಂಟರ್‌ವ್ಯೂನಲ್ಲಿ ನೀವೂ ಕೇಳಿ

"ನಿಮ್ಮಲ್ಲಿ ವರ್ಕ್ ಕಲ್ಚರ್ ಹೇಗಿದೆ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಬೀನ್ ಬ್ಯಾಗ್, ಉಚಿತ ಕಾಫಿ, ಟೇಬಲ್ ಟೆನಿಸ್ ತೋರಿಸುತ್ತಾರೆ. ಅವುಗಳಿಂದ ಏನೂ ತಿಳಿಯುವುದಿಲ್ಲ. ಹೋದ ವಾರ ಏನಾಯಿತು ಅಂತ ಕೇಳಿ.

"ಸರ್, ಹೋದ ವಾರ ನಿಮ್ಮ ಟೀಮ್‌ನವರು ಎಷ್ಟು ಗಂಟೆಗೆ ಮನೆಗೆ ಹೋದ್ರು?" "ಕೊನೇ ಸಲ ರಾತ್ರಿ ಸಿಸ್ಟಮ್ ಕೈಕೊಟ್ಟಾಗ ಫೋನ್ ಯಾರಿಗೆ ಹೋಯ್ತು? ಮಾರನೇ ದಿನ ಅವರಿಗೆ ರಜೆ ಸಿಕ್ತಾ?" "ಈ ಜಾಗ ಖಾಲಿಯಾಗಿದ್ದು ಯಾಕೆ?" ನೆನಪಿಸಿಕೊಂಡು ಹೇಳುವ ಉತ್ತರಕ್ಕೂ ಬಾಯಿಪಾಠ ಒಪ್ಪಿಸುವ ಉತ್ತರಕ್ಕೂ ವ್ಯತ್ಯಾಸ ಗೊತ್ತಾಗಿಬಿಡುತ್ತದೆ. ಇದನ್ನೆಲ್ಲ ನೇಮಕಾತಿ ನೋಡಿಕೊಳ್ಳುವ ಎಚ್‌ಆರ್ ಹತ್ತಿರ ಅಲ್ಲ, ನಿಮ್ಮ ಮ್ಯಾನೇಜರ್ ಆಗುವವರ ಹತ್ತಿರ ಕೇಳಬೇಕು. ಒಂದೇ ಕಂಪನಿಯಲ್ಲಿ ಎರಡನೇ ಮಹಡಿಯ ಟೀಮ್ ನೆಮ್ಮದಿಯಾಗಿರುತ್ತದೆ, ಮೂರನೇ ಮಹಡಿಯವರು ಶನಿವಾರವೂ ಒದ್ದಾಡುತ್ತಿರುತ್ತಾರೆ. ನೀವು ಸೇರುವುದು ಟೀಮ್‌ಗೆ, ಕಂಪನಿಯ ಹೆಸರಿನ ಬೋರ್ಡಿಗಲ್ಲ.

ವಿದೇಶದ ಟೀಮ್ ಜೊತೆ ಕೆಲಸ ಇದ್ದರೆ ಯಾವ ಊರಿನವರ ಜೊತೆ ಅಂತ ಕೇಳಿ. ಲಂಡನ್‌ನ ಬೆಳಗ್ಗೆ 9 ಅಂದರೆ ನಮಗೆ ಮಧ್ಯಾಹ್ನ 1.30 ಇಲ್ಲವೇ 2.30. ಸ್ಯಾನ್ ಫ್ರಾನ್ಸಿಸ್ಕೊದ ಬೆಳಗ್ಗೆ 9 ಅಂದರೆ ಅವರ ಬೇಸಿಗೆಯಲ್ಲಿ ನಮಗೆ ರಾತ್ರಿ 9.30, ಚಳಿಗಾಲದಲ್ಲಿ 10.30. ವಾರಕ್ಕೊಂದು ಮೀಟಿಂಗ್ ಆದರೆ ಸರಿ, ದಿನಾ ಆದರೆ ಊಟ ನಿದ್ದೆ ಎರಡೂ ಕೆಡುತ್ತವೆ.

ರಜೆಯ ಪಟ್ಟಿಯನ್ನೂ ಕೇಳಿ ನೋಡಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1ಕ್ಕೆ ಸಂಬಳದ ರಜೆ ಕೊಡಬೇಕು ಅನ್ನುವುದು 1963ರ ಕರ್ನಾಟಕದ ಕಾಯ್ದೆ. ರಾಜ್ಯೋತ್ಸವಕ್ಕೆ ರಜೆ ಕೊಡಲು ಹಿಂದೆಮುಂದೆ ನೋಡುವ ಕಂಪನಿ ಉಳಿದ ನಿಯಮಗಳನ್ನು ಎಷ್ಟು ಪಾಲಿಸೀತು? ಹತ್ತು ಅಥವಾ ಹೆಚ್ಚು ಜನ ಇರುವ ಕಚೇರಿಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಇದು 2013ರ ಕಾನೂನು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿದಾಗ ಎಚ್‌ಆರ್ ತಡವರಿಸಿದರೆ ಹೆಣ್ಣುಮಕ್ಕಳು ಮಾತ್ರವಲ್ಲ, ಎಲ್ಲರೂ ಎಚ್ಚರ ವಹಿಸಬೇಕು.

ಕೊನೆಗೆ ಆ ಕಂಪನಿ ಬಿಟ್ಟವರೊಬ್ಬರ ಜೊತೆ ಫೋನಿನಲ್ಲಿ ಮಾತಾಡಿ. ಚಾಟ್‌ನಲ್ಲಿ ಬರೆಯದ ಮಾತನ್ನು ಜನ ಫೋನಿನಲ್ಲಿ ಹೇಳುತ್ತಾರೆ. ಬೈಗುಳವನ್ನು ಪಕ್ಕಕ್ಕಿಟ್ಟು, ಏನು ನಡೆಯಿತು ಅನ್ನುವುದನ್ನಷ್ಟೇ ಕೇಳಿಸಿಕೊಳ್ಳಿ.

ಆಫರ್ ಲೆಟರ್ ಪೂರ್ತಿ ಓದಿ

ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 6 ಲಕ್ಷ ಇದ್ದರೆ ತಿಂಗಳಿಗೆ 50 ಸಾವಿರ ಕೈಗೆ ಬರುವುದಿಲ್ಲ. ಅದರಲ್ಲಿ 60 ಸಾವಿರ ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ) ಅಂದುಕೊಳ್ಳಿ. ಮೂಲ ವೇತನ 25 ಸಾವಿರ, ಕಂಪನಿ ಪಾಲಿನ ಪಿಎಫ್ ತಿಂಗಳಿಗೆ 1,800, ಮುಂದೆ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆ ಅಂತ ವರ್ಷಕ್ಕೆ ಸುಮಾರು 14 ಸಾವಿರ. ವೇರಿಯಬಲ್, ಕಂಪನಿಯ ಪಿಎಫ್, ಗ್ರಾಚ್ಯುಟಿ ಕಳೆದು, ಉಳಿದದ್ದರಲ್ಲಿ ತಿಂಗಳಿಗೆ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಸಿಗುವುದು ಹತ್ತಿರ ಹತ್ತಿರ 40 ಸಾವಿರ. ವಿಮೆಯ ಕಂತನ್ನೂ ಸಿಟಿಸಿಗೆ ಸೇರಿಸಿದ್ದರೆ ಇನ್ನೂ ಕಡಿಮೆ. ವೇರಿಯಬಲ್ ಹೋದ ವರ್ಷ ಎಷ್ಟು ಪರ್ಸೆಂಟ್ ಕೊಟ್ಟರು ಅಂತ ಕೇಳಿ.

ಕೆಲಸ ಬಿಡುವುದನ್ನು ಎಷ್ಟು ಮೊದಲು ತಿಳಿಸಬೇಕು ಅನ್ನುವ ನೋಟಿಸ್ ಅವಧಿ 90 ದಿನ ಇದ್ದರೆ 60ಕ್ಕೆ ಇಳಿಸಲು ಕೇಳಿನೋಡಿ. ಸಿಗದಿದ್ದರೂ ಕೇಳಿದ್ದರಿಂದ ನಷ್ಟವಿಲ್ಲ. ಬಾಂಡ್ ಇದ್ದರೆ ಎಷ್ಟು ಕಾಲ, ಎಷ್ಟು ದುಡ್ಡು ಎನ್ನುವುದು ಬರಹದಲ್ಲಿರಲಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಬಿಟ್ಟುಬರಬೇಡಿ. ಆಫರ್ ಕೊಡುತ್ತಿರುವುದು ನೀವು ಅಂದುಕೊಂಡ ಕಂಪನಿಯೇನಾ, ಅಥವಾ ಅದಕ್ಕೆ ಗುತ್ತಿಗೆ ಮೇಲೆ ಜನ ಕಳಿಸುವ ಬೇರೆ ಸಂಸ್ಥೆಯಾ? ಲೆಟರ್‌ಹೆಡ್ ನೋಡಿ. ಬಾಯಿಮಾತಲ್ಲಿ ಒಪ್ಪಿದ್ದು, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಅನ್ನುವಂಥದ್ದು, ಇಮೇಲ್‌ನಲ್ಲಿ ಬರುವವರೆಗೆ ಸಹಿ ಬೇಡ.

ಸೇರಿದ ಮೇಲೆ ಮೊದಲ ಸಂಬಳದ ಸ್ಲಿಪ್ ಇಳಿಸಿಟ್ಟುಕೊಳ್ಳಿ. ಪಿಎಫ್ ಅಂತ ಕಡಿತವಾದ ಮೊತ್ತ ಮುಂದಿನ ತಿಂಗಳು ನಿಮ್ಮ ಪಾಸ್‌ಬುಕ್‌ಗೆ ಬಂದಿದೆಯಾ ನೋಡಿ. ಬರದಿದ್ದರೆ ಎಚ್‌ಆರ್‌ಗೆ ಆಗಲೇ ಇಮೇಲ್ ಹಾಕಿ.